ಕಾಲ ಹರಿಯುತ್ತದೆ ಅಂತೀವಲ್ಲ, ಯಾವ ವೇಗದಲ್ಲಿ?

ಸರ್ವರ್ ಕಾವಲುಗಾರ

ಕಳೆದ ವಾರ ಆಫೀಸಿನಲ್ಲಿ ಒಂದು ವಿಚಿತ್ರ ನೋಡಿದೆ. ಎರಡು ಸರ್ವರ್‌ಗಳ ಲಾಗ್ ಫೈಲ್ ಪಕ್ಕಪಕ್ಕ ತೆರೆದು ಕೂತಿದ್ದೆ. ಒಂದನೇ ಸರ್ವರ್ ಮೆಸೇಜ್ ಕಳಿಸಿದ್ದು 10:04:07.312ಕ್ಕೆ. ಎರಡನೇ ಸರ್ವರ್‌ಗೆ ಅದೇ ಮೆಸೇಜ್ ಮುಟ್ಟಿದ್ದು 10:04:07.298ಕ್ಕೆ. ಅಂದರೆ ಕಳಿಸುವುದಕ್ಕಿಂತ 14 ಮಿಲಿಸೆಕೆಂಡ್ ಮುಂಚೆಯೇ ಮುಟ್ಟಿಬಿಟ್ಟಿದೆ!

ಮಾಯಮಂತ್ರ ಏನಿಲ್ಲ. ಎರಡನೇ ಸರ್ವರ್‌ನ ಗಡಿಯಾರ ಹಿಂದೆ ಬಿದ್ದಿತ್ತು. ಸರಿ ಮಾಡಿ ಮನೆಗೆ ಬಂದೆ. ಆದರೆ ಮಲಗಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ಹಿಂದೆ ಬಿದ್ದಿತ್ತು ಅಂದೆನಲ್ಲ, ಯಾವುದಕ್ಕಿಂತ ಹಿಂದೆ? ಇನ್ನೊಂದು ಗಡಿಯಾರಕ್ಕಿಂತ. ಆ ಇನ್ನೊಂದು ಸರಿ ಇದೆ ಅಂತ ಹೇಗೆ ಗೊತ್ತು? ಮತ್ತೊಂದನ್ನು ನೋಡಿ. ಹೀಗೇ ಹೋದರೆ ಕೊನೆಗೆ ಎಲ್ಲಿ ನಿಲ್ಲುತ್ತೇವೆ? ಎಲ್ಲ ಗಡಿಯಾರಗಳ ಬೆನ್ನ ಹಿಂದೆ ನಿಜವಾದ ಕಾಲ ಅಂತ ಒಂದು ಇದೆಯಾ?

ಇನ್ನೊಂದು. ಕಾಲ ಹರಿಯುತ್ತದೆ ಅಂತ ಎಲ್ಲರೂ ಹೇಳುತ್ತೇವೆ. ನದಿಯಾದರೆ ಗಂಟೆಗೆ ಇಷ್ಟು ಕಿಲೋಮೀಟರ್ ಅನ್ನಬಹುದು. ಕಾಲದ ವೇಗ ಎಷ್ಟು? ಸೆಕೆಂಡಿಗೆ ಒಂದು ಸೆಕೆಂಡಾ? ಇದು ಉತ್ತರವೇ ಅಲ್ಲ ಅನಿಸುತ್ತದೆ. ತಿಳಿದವರು ಹೇಳಿ. ಫಿಸಿಕ್ಸ್ ಬಿಟ್ಟು ಬಹಳ ವರ್ಷ ಆಯಿತು, ಸ್ವಲ್ಪ ಸುಲಭ ಮಾಡಿ.

ನೇರಮಾತು

ಗಡಿಯಾರ ಏನನ್ನು ಅಳೆಯುತ್ತದೋ ಅದೇ ಕಾಲ. ಮುಗಿಯಿತು. ಅಳತೆಪಟ್ಟಿಯ ಹಿಂದೆ "ನಿಜವಾದ ಉದ್ದ" ಅಂತ ಇದೆಯಾ ಅಂತ ಯಾರೂ ನಿದ್ದೆಗೆಡುವುದಿಲ್ಲ. 1967ರಲ್ಲಿ ಸೆಕೆಂಡಿಗೆ ಒಂದು ಅರ್ಥ ಕೊಟ್ಟಿದ್ದಾರೆ: ಸೀಸಿಯಂ-133 ಪರಮಾಣುವಿನ ಒಂದು ನಿರ್ದಿಷ್ಟ ವಿಕಿರಣ 9,19,26,31,770 ಸಲ ಕಂಪಿಸಲು ಹಿಡಿಯುವ ಅವಧಿ. ಅಲ್ಲಿಗೆ ನಿಮ್ಮ ಸರಪಳಿ ನಿಲ್ಲುತ್ತದೆ. ಉಳಿದಿದ್ದೆಲ್ಲ ಮಾತಿನ ಆಟ.

ಹಳೇ ಪುಟ

ನೇರಮಾತು ಅವರೇ, ಅಷ್ಟು ಬೇಗ ಬಾಗಿಲು ಹಾಕಬೇಡಿ. ಇದು ಮುನ್ನೂರು ವರ್ಷದ ಹಳೇ ಜಗಳ. ನ್ಯೂಟನ್ 1687ರಲ್ಲಿ ಹೇಳಿದ್ದು ಕಾವಲುಗಾರರ ಅನುಮಾನದ ಮಾತನ್ನೇ: ಗಡಿಯಾರಗಳು ತೋರಿಸುವುದು ಬರೀ ವ್ಯವಹಾರದ ಕಾಲ. ಅದರ ಹಿಂದೆ ನಿಜವಾದ ಕಾಲ ಬೇರೆ ಇದೆ. ಅದು ಯಾರ ಹಂಗೂ ಇಲ್ಲದೆ ಒಂದೇ ಸಮ ಹರಿಯುತ್ತದೆ. ಲೋಕದಲ್ಲಿ ಏನೂ ನಡೆಯದಿದ್ದರೂ ಅದು ಹರಿಯುತ್ತಲೇ ಇರುತ್ತದೆ.

ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ ಇದನ್ನು ಒಪ್ಪಲಿಲ್ಲ. 1715-16ರಲ್ಲಿ ಲೈಬ್ನಿಜ್ ಪತ್ರ ಬರೆದ, ನ್ಯೂಟನ್ನನ ಪರವಾಗಿ ಕ್ಲಾರ್ಕ್ ಎಂಬಾತ ಉತ್ತರ ಕೊಟ್ಟ. ಲೈಬ್ನಿಜ್ ವಾದ ಇಷ್ಟು: ಕಾಲ ಅಂದರೆ ಒಂದರ ನಂತರ ಒಂದು ಆಗುವ ಘಟನೆಗಳ ಸಾಲು, ಅಷ್ಟೇ. ಘಟನೆ ತೆಗೆದರೆ ಸಾಲೂ ಇಲ್ಲ. ಇಡೀ ಜಗತ್ತು ಒಂದು ಗಂಟೆ ಮುಂಚೆ ಶುರುವಾಗಿದ್ದರೆ ಏನು ವ್ಯತ್ಯಾಸ ಆಗುತ್ತಿತ್ತು? ಏನೂ ಇಲ್ಲ. ವ್ಯತ್ಯಾಸವೇ ಇಲ್ಲದ ವ್ಯತ್ಯಾಸ ಎಂತಹದು?

ನಮ್ಮ ವೈಶೇಷಿಕರು, ಅಂದರೆ ಹಳೆಯ ಭಾರತದ ಒಂದು ದರ್ಶನದವರು, ನ್ಯೂಟನ್ ಕಡೆಗೆ ಹತ್ತಿರ. ಅವರ ಒಂಬತ್ತು ದ್ರವ್ಯಗಳಲ್ಲಿ ಕಾಲವೂ ಒಂದು. ಅದು ಒಂದೇ, ಎಲ್ಲ ಕಡೆ ಇದೆ, ನಾಶವಿಲ್ಲ. ಕಣ್ಣಿಗೆ ಕಾಣುವುದಿಲ್ಲ. "ಮೊದಲು, ಆಮೇಲೆ, ಒಟ್ಟಿಗೆ, ಬೇಗ, ತಡ" ಅಂತ ನಮಗೆ ಅನಿಸುತ್ತದಲ್ಲ, ಅದಕ್ಕೆ ಒಂದು ಆಧಾರ ಬೇಕು ಅಂತ ಊಹಿಸಿ ತಿಳಿಯಬೇಕು. ನನಗೆ ಮೊದಲಿನಿಂದ ಲೈಬ್ನಿಜ್ ಇಷ್ಟ. ಆದರೆ "ಬೇಗ, ತಡ" ಅನ್ನುವುದು ಬರೀ ಸಾಲಿನಿಂದ ಹೇಗೆ ಬರುತ್ತದೆ ಅನ್ನುವ ಕಡೆ ವೈಶೇಷಿಕರು ಕೈಹಿಡಿದು ನಿಲ್ಲಿಸುತ್ತಾರೆ.

ಬೋರ್ಡು ಚಾಕ್

ಫಿಸಿಕ್ಸ್ ಪಾಠ ಮಾಡುವವನು ನಾನು. ಎರಡು ಮಾತು ಹೇಳುತ್ತೇನೆ, ಜಾಸ್ತಿ ಆದರೆ ಬೈಯಬೇಡಿ.

ಮೊದಲು ಕಾವಲುಗಾರರ ಸರಪಳಿ. ಅದು ಒಂದು ಗಡಿಯಾರದಲ್ಲಿ ನಿಲ್ಲುವುದಿಲ್ಲ. ಜಗತ್ತಿನ ಎಂಬತ್ತರಷ್ಟು ಪ್ರಯೋಗಾಲಯಗಳಲ್ಲಿರುವ ನಾನೂರಕ್ಕೂ ಜಾಸ್ತಿ ಪರಮಾಣು ಗಡಿಯಾರಗಳಿವೆ. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿರುವ ಅಂತರರಾಷ್ಟ್ರೀಯ ಅಳತೆ ಸಂಸ್ಥೆ ಅವುಗಳ ಲೆಕ್ಕ ತರಿಸಿ ಸರಾಸರಿ ತೆಗೆಯುತ್ತದೆ. ಒಳ್ಳೆಯ ಗಡಿಯಾರಕ್ಕೆ ಜಾಸ್ತಿ ತೂಕ, ಸುಮಾರಾದದ್ದಕ್ಕೆ ಕಮ್ಮಿ. ತಮಾಷೆ ಏನು ಗೊತ್ತಾ? ಆ ಲೆಕ್ಕ ಹೊರಬರುವುದು ತಿಂಗಳಿಗೊಮ್ಮೆ, ಹಿಂದಿನ ತಿಂಗಳದ್ದು. ಈಗ ಸರಿಯಾದ ಸಮಯ ಎಷ್ಟು ಅನ್ನುವುದು ಮುಂದಿನ ತಿಂಗಳು ತಿಳಿಯುತ್ತದೆ.

ಎರಡನೆಯದು ಇನ್ನೂ ಕೆಟ್ಟ ಸುದ್ದಿ. ಎರಡು ಒಳ್ಳೆಯ ಗಡಿಯಾರಗಳು ಬೇರೆ ಬೇರೆ ಹೇಳಿದರೆ, ಎರಡೂ ಸರಿ ಇರಬಹುದು. 1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಸೀಸಿಯಂ ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿ ಕೂರಿಸಿ ಭೂಮಿ ಸುತ್ತಿಸಿದರು. ಪೂರ್ವಕ್ಕೆ ಹೋದವು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೋಸೆಕೆಂಡ್ ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದವು 273 ನ್ಯಾನೋಸೆಕೆಂಡ್ ಮುಂದೆ ಹೋದವು. ಯಾವುದೂ ಕೆಟ್ಟಿರಲಿಲ್ಲ. ಐನ್‌ಸ್ಟೈನ್ ಲೆಕ್ಕ ಹೇಳಿದ ಹಾಗೇ ಆಯಿತು: ಓಡಿದರೆ ಕಾಲ ನಿಧಾನ, ಎತ್ತರಕ್ಕೆ ಹೋದರೆ ಬೇಗ.

ಇದೇನು ಪುಸ್ತಕದ ಬದನೆಕಾಯಿ ಅಲ್ಲ. ಜಿಪಿಎಸ್ ಉಪಗ್ರಹಗಳು 20,200 ಕಿ.ಮೀ. ಎತ್ತರದಲ್ಲಿವೆ. ವೇಗದಿಂದ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡ್ ಕಳೆದುಕೊಳ್ಳುತ್ತದೆ. ಅಲ್ಲಿ ಗುರುತ್ವ ಕಮ್ಮಿ, ಅದರಿಂದ 45 ಗಳಿಸುತ್ತದೆ. ಒಟ್ಟು ದಿನಕ್ಕೆ 38 ಮುಂದೆ. ಇದನ್ನು ಸರಿ ಮಾಡದೆ ಬಿಟ್ಟರೆ ಒಂದೇ ದಿನದಲ್ಲಿ ದಾರಿ ಹತ್ತು ಕಿಲೋಮೀಟರಿಗಿಂತ ಜಾಸ್ತಿ ತಪ್ಪುತ್ತದೆ. 2010ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಒಂದು ಗಡಿಯಾರವನ್ನು ಇನ್ನೊಂದಕ್ಕಿಂತ ಬರೀ 33 ಸೆಂಟಿಮೀಟರ್ ಮೇಲೆ ಎತ್ತಿ ವ್ಯತ್ಯಾಸ ಅಳೆದರು. ಅಂದರೆ ನೀವು ನಿಂತಿರುವಾಗ ನಿಮ್ಮ ತಲೆಗೆ ನಿಮ್ಮ ಪಾದಕ್ಕಿಂತ ಜಾಸ್ತಿ ವಯಸ್ಸಾಗುತ್ತಿದೆ. ಭೂಮಿಗೂ ಹಾಗೇ. ಲೆಕ್ಕ ಹಾಕಿದರೆ ಅದರ ನಡುಗರ್ಭ ಹೊರಮೈಗಿಂತ ಸುಮಾರು ಎರಡೂವರೆ ವರ್ಷ ಚಿಕ್ಕದು.

ಹಾಗಾಗಿ ನ್ಯೂಟನ್ ಹೇಳಿದ ಒಂದೇ ಸಮ ಹರಿಯುವ ಒಂದೇ ಕಾಲ, ಅದು ಇಲ್ಲ. ಅಷ್ಟು ಮಾತ್ರ ಗ್ಯಾರಂಟಿ.

ನೇರಮಾತು

ನಾನು ಹೇಳಿದ್ದೂ ಅದೇ ಅಲ್ವಾ ಸರ್. ಗಡಿಯಾರ ಅಳೆಯುವುದೇ ಕಾಲ. ಒಂದೊಂದು ಗಡಿಯಾರಕ್ಕೆ ಒಂದೊಂದು ಕಾಲ.

ಸರ್ವರ್ ಕಾವಲುಗಾರ

ಚಾಕ್ ಸರ್, ತಲೆ ಪಾದದ ಮಾತು ಕೇಳಿ ಎದ್ದು ನಿಂತವನು ಹಾಗೇ ಕೂತೆ.

ಇದನ್ನು ಓದುತ್ತಾ ನನ್ನ ಕೆಲಸದ್ದೇ ಒಂದು ವಿಷಯ ನೆನಪಾಯಿತು. 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ನಮ್ಮಂಥವರ ಈ ತಲೆನೋವಿಗೆ ಒಂದು ದಾರಿ ಬರೆದರು. ಗಡಿಯಾರವನ್ನೇ ನಂಬಬೇಡಿ ಅನ್ನುತ್ತಾರೆ. ನಂಬಬೇಕಾದ್ದು ಮೂರು. ಒಂದೇ ಮೆಷಿನ್ ಒಳಗೆ ಆಗುವ ಕೆಲಸಗಳಿಗೆ ಕ್ರಮ ಇದೆ. ಮೆಸೇಜ್ ಕಳಿಸಿದ್ದು ಯಾವಾಗಲೂ ಅದು ಮುಟ್ಟಿದ್ದಕ್ಕಿಂತ ಮುಂಚೆ. ಇವೆರಡನ್ನು ಸರಪಳಿ ಮಾಡಿ ಮುಂದುವರಿಸಬಹುದು. ಇಷ್ಟರಿಂದ ಎಷ್ಟು ಘಟನೆಗಳಿಗೆ ಕ್ರಮ ಸಿಗುತ್ತದೋ ಅಷ್ಟೇ. ಉಳಿದವುಗಳಲ್ಲಿ ಯಾವುದು ಮೊದಲು ಅಂತ ಕೇಳುವ ಹಾಗೇ ಇಲ್ಲ. ಅವು "ಒಟ್ಟಿಗೆ" ಅಂತಲೂ ಅಲ್ಲ, ಒಂದಕ್ಕೊಂದು ಸಂಬಂಧವೇ ಇಲ್ಲ. ಐನ್‌ಸ್ಟೈನ್ ಸಿದ್ಧಾಂತ ಗೊತ್ತಿದ್ದದ್ದರಿಂದ ಇದು ಹೊಳೆಯಿತು ಅಂತ ಅವರೇ ಹೇಳಿದ್ದಾರೆ.

ಹಾಗಾದರೆ ಕಾಲ ಅಂದರೆ ಬರೀ ಇದೇನಾ? ಯಾವುದು ಯಾವುದಕ್ಕೆ ಕಾರಣ ಆಗಬಲ್ಲದು ಅನ್ನುವ ಸಾಲು?

ನೇರಮಾತು

ಕಾವಲುಗಾರರೇ, ಇಲ್ಲಿ ಎರಡು ಬೇರೆ ವಿಷಯ ಗಂಟು ಹಾಕಿದ್ದೀರಿ. ನಿಮ್ಮ ಸರ್ವರ್‌ಗಳು ಎಷ್ಟು ದೂರ ಇವೆ?

ಸರ್ವರ್ ಕಾವಲುಗಾರ

ಒಂದೇ ಕೋಣೆ. ಎರಡು ರ‍್ಯಾಕ್ ಅಂತರ.

ನೇರಮಾತು

ಹಾಗಾದರೆ ಕೇಳಿ. ಅಷ್ಟು ದೂರ ಹೋಗಲು ಬೆಳಕಿಗೆ ಕೆಲವೇ ನ್ಯಾನೋಸೆಕೆಂಡ್ ಸಾಕು. 14 ಮಿಲಿಸೆಕೆಂಡಿನಲ್ಲಿ ಬೆಳಕು 4,200 ಕಿಲೋಮೀಟರ್ ಹೋಗುತ್ತದೆ. ನಿಮ್ಮ ಕೋಣೆಯಲ್ಲಿ ಒಂದು ಮಿಲಿಸೆಕೆಂಡ್ ಅಂತರದಲ್ಲಿ ಆದ ಎರಡು ಘಟನೆಗಳಿಗೆ ಖಂಡಿತ ಕ್ರಮ ಇದೆ. ಯಾರು ಎಷ್ಟೇ ಜೋರಾಗಿ ಓಡುತ್ತಾ ನೋಡಿದರೂ ಅದು ಬದಲಾಗುವುದಿಲ್ಲ. ನಿಮಗೆ ಗೊತ್ತಿಲ್ಲ ಅಷ್ಟೇ. ಲ್ಯಾಂಪೋರ್ಟ್ ಹೇಳಿದ್ದು ಮೆಷಿನ್‌ಗಳಿಗೆ ಗೊತ್ತಾಗದ ಕ್ರಮ. ಐನ್‌ಸ್ಟೈನ್ ಹೇಳಿದ್ದು ಇಲ್ಲವೇ ಇಲ್ಲದ ಕ್ರಮ. ಗೊತ್ತಿಲ್ಲದ್ದು ಬೇರೆ, ಇಲ್ಲದ್ದು ಬೇರೆ.

ಬೋರ್ಡು ಚಾಕ್

ಭೇಷ್. ಇದು ನಾನು ಹೇಳಬೇಕಿತ್ತು.

ಸರ್ವರ್ ಕಾವಲುಗಾರ

ಒಪ್ಪಿದೆ. ಬೈಸಿಕೊಂಡಿದ್ದಕ್ಕೂ ಬೇಸರ ಇಲ್ಲ.

ಪದಕಟ್ಟು

ಫಿಸಿಕ್ಸ್ ನನಗೆ ಬರುವುದಿಲ್ಲ. ಆದರೆ ಕಾವಲುಗಾರರ ಮೊದಲ ಪೋಸ್ಟಿನಲ್ಲೇ ಒಂದು ಪದ ಸಿಕ್ಕಿಹಾಕಿಕೊಂಡಿತು. "14 ಮಿಲಿಸೆಕೆಂಡ್ ಮುಂಚೆ" ಅಂತ ಬರೆದಿದ್ದಾರೆ. ಈ ಮುಂಚೆ, ಮುನ್ನ ಅನ್ನುವುದರಲ್ಲಿ ಇರುವುದು "ಮುನ್", ಅಂದರೆ ಎದುರು ಭಾಗ. ಅರ್ಥ: ಮೊದಲೇ ಆಗಿದ್ದು. ಈಗ "ಮುಂದೆ ನೋಡೋಣ" ಅನ್ನಿ. ಅದೇ "ಮುನ್". ಅರ್ಥ: ಇನ್ನೂ ಆಗದಿರುವುದು! ಒಂದೇ ಬೇರಿನಿಂದ ಆಗಿಹೋದದ್ದೂ ಬರುತ್ತದೆ, ಆಗಬೇಕಾದದ್ದೂ ಬರುತ್ತದೆ.

"ಹಿಂದೆ" ನೋಡಿ. "ಹಿಂದೆ ಹೀಗಿರಲಿಲ್ಲ" ಅಂದರೆ ಆಗಿಹೋದ ಕಾಲ. "ಅಣ್ಣ ಬಂದ, ಅವನ ಹಿಂದೆಯೇ ತಮ್ಮನೂ ಬಂದ" ಅಂದರೆ ತಮ್ಮ ಬಂದದ್ದು ಆಮೇಲೆ. ಮತ್ತೆ ತಿರುಗುಮುರುಗು.

ಬಹಳ ದಿನ ಇದು ಗೊಂದಲ ಅಂದುಕೊಂಡಿದ್ದೆ. ಗೊಂದಲ ಅಲ್ಲ. ಎರಡು ಬೇರೆ ಚಿತ್ರಗಳಿವೆ. ಒಂದರಲ್ಲಿ ನಾನು ನಡೆಯುತ್ತಿದ್ದೇನೆ. ನನ್ನ ಮುಖ ಇರುವ ಕಡೆ ಬರಲಿರುವುದು, ಬೆನ್ನಿನ ಕಡೆ ಆಗಿದ್ದು. ಇನ್ನೊಂದರಲ್ಲಿ ನಾನೇ ಇಲ್ಲ. ಘಟನೆಗಳು ಒಂದರ ಬೆನ್ನಿಗೆ ಒಂದು ಸಾಲಾಗಿ ನಿಂತಿವೆ. ಸಾಲಿನಲ್ಲಿ ಮುಂದೆ ನಿಂತದ್ದು ಮುಂಚೆ, ಹಿಂದೆ ನಿಂತದ್ದು ಆಮೇಲೆ. ನಾವು ದಿನಾ ಈ ಎರಡು ಚಿತ್ರದ ನಡುವೆ ಜಿಗಿಯುತ್ತೇವೆ, ಎಡವುವುದೂ ಇಲ್ಲ.

ಇನ್ನು "ಹೊತ್ತು". ಹೊತ್ತು ಮೂಡಿತು, ಹೊತ್ತು ಮುಳುಗಿತು ಅಂದರೆ ಸೂರ್ಯ. ಹೊತ್ತು ಹೋಗಲ್ಲ ಅಂದರೆ ಸಮಯ. ಆಕಾಶದಲ್ಲಿ ಚಲಿಸುವ ವಸ್ತುವಿಗೂ ನಾವು ಅಳೆಯುವ ಕಾಲಕ್ಕೂ ಒಂದೇ ಹೆಸರು.

ಹಳೇ ಪುಟ

ಪದಕಟ್ಟು ಅವರೇ, ನಿಮಗೆ ಗೊತ್ತಿಲ್ಲದೆ ಎರಡು ದೊಡ್ಡ ತತ್ವಜ್ಞಾನಿಗಳನ್ನು ಕರೆತಂದಿದ್ದೀರಿ!

ಹೊತ್ತಿನ ಮಾತು ಅರಿಸ್ಟಾಟಲ್‌ನದು. ಕಾಲ ಅಂದರೆ ಚಲನೆಯಲ್ಲಿ ಮೊದಲು ಮತ್ತು ಆಮೇಲೆ ಅಂತ ಎಣಿಸಿದ ಸಂಖ್ಯೆ ಅಂತ ಅವನು ಹೇಳಿದ. ಚಲನೆಯೇ ಕಾಲ ಅಲ್ಲ, ಚಲನೆಯ ಎಣಿಕೆ.

ಎರಡು ಚಿತ್ರದ ಮಾತು ಮ್ಯಾಕ್‌ಟ್ಯಾಗರ್ಟ್‌ನದು. 1908ರಲ್ಲಿ ಅವನು ಬರೆದ ಲೇಖನದ ಮೇಲೆ ಇವತ್ತಿಗೂ ಜಗಳ ನಿಂತಿಲ್ಲ. ಆಗಿದ್ದು, ಆಗುತ್ತಿರುವುದು, ಆಗಲಿರುವುದು, ಇದು ಒಂದು ಸಾಲು. ಇದರಲ್ಲಿ ಘಟನೆಗಳ ಜಾಗ ಬದಲಾಗುತ್ತಾ ಇರುತ್ತದೆ. ನಾಳೆಯ ಪರೀಕ್ಷೆ ನಾಡಿದ್ದು ಮುಗಿದ ಪರೀಕ್ಷೆ ಆಗುತ್ತದೆ. ಮುಂಚೆ, ಆಮೇಲೆ ಅನ್ನುವುದು ಇನ್ನೊಂದು ಸಾಲು. ಇದು ಎಂದೂ ಬದಲಾಗುವುದಿಲ್ಲ. ನ್ಯೂಟನ್ನನ ಪುಸ್ತಕ ಐನ್‌ಸ್ಟೈನ್ ಹುಟ್ಟುವುದಕ್ಕೆ ಮುಂಚೆ ಬಂತು, ಸಾವಿರ ವರ್ಷ ಬಿಟ್ಟು ಹೇಳಿದರೂ ಅದು ಹಾಗೇ. ಅವನ ವಾದ: ಎರಡನೇ ಸಾಲಿನಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿ ಅದೊಂದೇ ಸಾಲದು. ಕಾಲಕ್ಕೆ ಮೊದಲನೆಯದು ಬೇಕೇ ಬೇಕು. ಆದರೆ ಮೊದಲನೆಯದರಲ್ಲಿ ಒಂದೇ ಘಟನೆ ಆಗಲಿರುವುದೂ ಹೌದು, ಆಗುತ್ತಿರುವುದೂ ಹೌದು, ಆಗಿದ್ದೂ ಹೌದು. ಮೂರೂ ಒಂದಕ್ಕೊಂದು ವಿರುದ್ಧ. ಬೇರೆ ಬೇರೆ ಕಾಲದಲ್ಲಿ ಅಂತ ಸಮಜಾಯಿಷಿ ಕೊಟ್ಟರೆ, ಆ ಕಾಲಗಳಿಗೂ ಅದೇ ಪ್ರಶ್ನೆ. ಆದ್ದರಿಂದ ಕಾಲವೇ ಸುಳ್ಳು.

ಕಾವಲುಗಾರರ "ಸೆಕೆಂಡಿಗೆ ಒಂದು ಸೆಕೆಂಡ್" ತಕರಾರು ಇದರ ತಮ್ಮನೇ. ಹರಿಯುವುದನ್ನು ಅಳೆಯಲು ಇನ್ನೊಂದು ಕಾಲ ಬೇಕು. ಆ ಕಾಲ ಹರಿಯುವುದನ್ನು ಅಳೆಯಲು ಮತ್ತೊಂದು.

ಅವನ ಕೊನೆಯ ಹೆಜ್ಜೆ ನನಗೆ ಒಪ್ಪಿಗೆ ಇಲ್ಲ. ಆದರೆ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುವುದು ಸುಲಭ ಅಲ್ಲ.

ಬೋರ್ಡು ಚಾಕ್

ಫಿಸಿಕ್ಸ್ ಎರಡನೇ ಸಾಲಿನ ಕಡೆ ವಾಲುತ್ತದೆ. ಯಾಕೆ ಅಂತ ಒಂದು ಲೆಕ್ಕದಿಂದ ತೋರಿಸುತ್ತೇನೆ. ಆಂಡ್ರೊಮಿಡಾ ಗ್ಯಾಲಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ನೀವು ಸುಮ್ನೆ ನಿಂತಿದ್ದೀರಿ. ನಿಮ್ಮ ಗೆಳೆಯ ನಿಮ್ಮನ್ನು ದಾಟಿ ಆ ದಿಕ್ಕಿಗೆ ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುತ್ತಿದ್ದಾನೆ. "ಈಗ ಆಂಡ್ರೊಮಿಡಾದಲ್ಲಿ ಏನಾಗುತ್ತಿದೆ" ಅನ್ನುವ ಪ್ರಶ್ನೆಗೆ ನಿಮ್ಮಿಬ್ಬರ ಉತ್ತರದಲ್ಲಿ ನಾಲ್ಕು ದಿನಕ್ಕೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಅವನ "ಈಗ"ದಲ್ಲಿ ಆಗಿಹೋದದ್ದು ನಿಮ್ಮ "ಈಗ"ಕ್ಕೆ ಇನ್ನೂ ನಾಲ್ಕು ದಿನ ಮುಂದಿದೆ. ಬರೀ ನಡೆದದ್ದಕ್ಕೆ! ಇಬ್ಬರಿಗೂ ಆ ಸುದ್ದಿ ತಿಳಿಯಲು 25 ಲಕ್ಷ ವರ್ಷ ಬೇಕು, ಅದು ಬೇರೆ ಮಾತು. ಹಾಗಾಗಿ ಯಾರ ಕೆಲಸವೂ ಕೆಡುವುದಿಲ್ಲ.

ಈಗ ಇರುವುದು ಮಾತ್ರ ನಿಜ ಅನ್ನುವವರು ಹೇಳಬೇಕು: ಯಾರ ಈಗ? 1908ರಲ್ಲೇ ಗಣಿತಜ್ಞ ಮಿಂಕೋವ್ಸ್ಕಿ ದೇಶ (ಅಂದರೆ ಜಾಗ), ಕಾಲ ಎರಡನ್ನೂ ಸೇರಿಸಿ ನಾಲ್ಕು ಆಯಾಮದ ಒಂದೇ ಗಟ್ಟಿ, ಇಟ್ಟಿಗೆಯಂಥ ಒಂದೇ ತುಂಡು, ಮಾಡಿದ. ಅದರಲ್ಲಿ ನಿಮ್ಮ ಹುಟ್ಟು, ಈ ಸಾಲು ಓದುವುದು, ನಾಳೆ, ಎಲ್ಲಕ್ಕೂ ಜಾಗ ಇದೆ. ಯಾವುದರ ಮೇಲೂ "ಈಗ" ಅನ್ನುವ ದೀಪ ಉರಿಯುತ್ತಿಲ್ಲ.

ನೇರಮಾತು

ಐನ್‌ಸ್ಟೈನ್ ಕೂಡ ಇದನ್ನೇ ಹೇಳಿದ್ದು. ಹಿಂದಿನದು, ಇಂದಿನದು, ಮುಂದಿನದು ಅನ್ನುವ ಭೇದ ಬರೀ ಭ್ರಮೆ, ಆದರೆ ಬಿಡದೆ ಕಾಡುವ ಭ್ರಮೆ ಅಂತ.

ಹಳೇ ಪುಟ

ಆ ಮಾತು ಎಲ್ಲಿ ಬರೆದದ್ದು ಅಂತಲೂ ಹೇಳಬೇಕು. 1955ರ ಮಾರ್ಚಿನಲ್ಲಿ ಅವರ ಆಪ್ತ ಗೆಳೆಯ ಮಿಕೆಲೆ ಬೆಸ್ಸೊ ತೀರಿಕೊಂಡಾಗ ಮನೆಯವರಿಗೆ ಬರೆದ ಸಾಂತ್ವನದ ಪತ್ರ ಅದು. ಮುಂದಿನ ತಿಂಗಳು ಐನ್‌ಸ್ಟೈನ್ ಕೂಡ ಹೋದರು. ದುಃಖದ ಮನೆಗೆ ಬರೆದ ಸಾಲನ್ನು ಸಿದ್ಧಾಂತ ಅಂತ ಎತ್ತಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಕಡೆ ಕಾರ್ನಾಪ್ ಎಂಬ ತತ್ವಜ್ಞಾನಿ ಬರೆದಿದ್ದಾರೆ: "ಈಗ" ಅನ್ನುವುದು ತನ್ನನ್ನು ಬಹಳ ಕಾಡುತ್ತದೆ ಅಂತ ಐನ್‌ಸ್ಟೈನ್ ಒಮ್ಮೆ ಹೇಳಿದರಂತೆ. ಮನುಷ್ಯನಿಗೆ ಈಗ ಅನ್ನುವುದು ಬೇರೆಯೇ ಥರ, ಆದರೆ ಫಿಸಿಕ್ಸಿನೊಳಗೆ ಅದಕ್ಕೆ ಜಾಗ ಇಲ್ಲ, ವಿಜ್ಞಾನದ ಕೈಗೆ ಅದು ಸಿಗುವುದಿಲ್ಲವೇನೋ ಅಂತ ಅವರಿಗೆ ನೋವಿತ್ತಂತೆ. ಈ ಐನ್‌ಸ್ಟೈನ್ ಬಗ್ಗೆ ಯಾರೂ ಪೋಸ್ಟರ್ ಮಾಡುವುದಿಲ್ಲ.

ರಾತ್ರಿಪಾಳಿ

ಎರಡು ದಿನದಿಂದ ಓದುತ್ತಿದ್ದೇನೆ. ನಾನು ನರ್ಸ್. ನಿಮ್ಮ ಗಟ್ಟಿಯೊಳಗೆ "ಈಗ" ಇಲ್ಲ ಅಂತೀರಿ. ನನ್ನ ಕೆಲಸದಲ್ಲಿ ನಾನು ನೋಡುವುದೇ ಅದನ್ನು.

ಹೋದ ವರ್ಷ ನನಗೇ ಒಂದು ಆಪರೇಷನ್ ಆಯಿತು. ಸೂಜಿ ಚುಚ್ಚಿದರು. ಮೇಲಿನ ದೀಪ ನೋಡುತ್ತಿದ್ದೆ. ಮರುಕ್ಷಣ ಯಾರೋ ಹೆಸರು ಹಿಡಿದು ಕರೆಯುತ್ತಿದ್ದರು, ಬೇರೆ ಕೋಣೆ. ಗಡಿಯಾರದಲ್ಲಿ ನಾಲ್ಕು ಗಂಟೆ ಕಳೆದಿತ್ತು. ನಿದ್ದೆಯಿಂದ ಎದ್ದರೆ "ಸ್ವಲ್ಪ ಹೊತ್ತಾಗಿರಬೇಕು" ಅಂತ ಒಳಗೆ ಒಂದು ಅಂದಾಜು ಇರುತ್ತದೆ. ಇಲ್ಲಿ ಅದೂ ಇಲ್ಲ. ಎರಡು ತುದಿ ಕತ್ತರಿಸಿ ಅಂಟಿಸಿದ ಹಾಗೆ. ಆ ನಾಲ್ಕು ಗಂಟೆ ನನಗೆ ಆಗಲೇ ಇಲ್ಲ.

ಅದಕ್ಕೆ ವಿರುದ್ಧ ಬೆಳಗಿನ ಜಾವ ಮೂರರಿಂದ ನಾಲ್ಕು. ವಾರ್ಡಿನಲ್ಲಿ ಎಚ್ಚರ ಇರುವ ರೋಗಿಗೆ ಆ ಒಂದು ಗಂಟೆ ಮುಗಿಯುವುದೇ ಇಲ್ಲ. ಟೈಮೆಷ್ಟು ಅಂತ ಕೇಳುತ್ತಾರೆ. ಮೂರು ಇಪ್ಪತ್ತು ಅನ್ನುತ್ತೇನೆ. ತುಂಬಾ ಹೊತ್ತಾದ ಮೇಲೆ ಮತ್ತೆ ಕೇಳುತ್ತಾರೆ. ಮೂರು ಇಪ್ಪತ್ತೈದು.

ಇದನ್ನು ಯಾವ ಸೀಸಿಯಂ ಅಳೆಯುತ್ತದೆ?

ನೇರಮಾತು

ಮೇಡಂ, ಅದು ಮಿದುಳಿನ ವಿಷಯ, ಕಾಲದ್ದಲ್ಲ. ಒಂದು ಪ್ರಯೋಗ ಇದೆ. 2007ರಲ್ಲಿ ಪ್ರಕಟವಾಯಿತು. ಡೇವಿಡ್ ಈಗಲ್‌ಮನ್ ತಂಡದವರು ಜನರನ್ನು 31 ಮೀಟರ್ ಎತ್ತರದಿಂದ ಕೆಳಗಿನ ಬಲೆಗೆ ಬೀಳಿಸಿದರು. ಭಯದಲ್ಲಿ ಕಾಲ ನಿಧಾನ ಆಗುತ್ತದಾ ನೋಡೋಣ ಅಂತ. ಕೈಗೆ ಒಂದು ಪುಟ್ಟ ಪರದೆ ಕಟ್ಟಿದ್ದರು. ಅದರ ಮೇಲೆ ಅಂಕಿಗಳು ಓದಲಾಗದಷ್ಟು ಬೇಗ ಮಿನುಗುತ್ತಿದ್ದವು. ನಿಜಕ್ಕೂ ನಿಧಾನ ಆಗಿದ್ದರೆ ಓದಲು ಬರಬೇಕಿತ್ತು. ಬರಲಿಲ್ಲ. ಆದರೆ ಬಿದ್ದ ಮೇಲೆ ಕೇಳಿದಾಗ, ಬೇರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು 36 ಶೇಕಡಾ ಜಾಸ್ತಿ ಹೊತ್ತು ಅಂದರು. ನೆನಪು ಹಿಗ್ಗಿತ್ತು, ಕಾಲ ಅಲ್ಲ.

ರಾತ್ರಿಪಾಳಿ

ನೆನಪು ಹಿಗ್ಗಿತು ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ಟಿರಿ. ಬಿದ್ದವರ ಮಾತು ನೆನಪಿನದು, ಒಪ್ಪೋಣ. ನನ್ನ ರೋಗಿ ನೆನಪು ಮಾಡಿಕೊಂಡು ಹೇಳುತ್ತಿಲ್ಲ. ಆಗಲೇ, ಅಲ್ಲೇ ಕಾಯುತ್ತಿದ್ದಾರೆ.

ಹಳೇ ಪುಟ

ಇದೇ ಜಗಳ 1922ರ ಏಪ್ರಿಲ್ 6ರಂದು ಪ್ಯಾರಿಸ್‌ನಲ್ಲಿ ಆಯಿತು. ಒಂದು ಕಡೆ ಐನ್‌ಸ್ಟೈನ್, ಇನ್ನೊಂದು ಕಡೆ ಫ್ರೆಂಚ್ ತತ್ವಜ್ಞಾನಿ ಆನ್ರಿ ಬರ್ಗ್‌ಸನ್. ಬರ್ಗ್‌ಸನ್ ಹೇಳಿದ್ದು ಮೇಡಂ ಹೇಳಿದ್ದರ ಹತ್ತಿರದ ಮಾತು: ಗಡಿಯಾರದ ಕಾಲ ಅಂದರೆ ಗೆರೆಯ ಮೇಲಿನ ಗುರುತುಗಳು. ಬದುಕುವ ಕಾಲ ಬೇರೆ, ಅದರಲ್ಲಿ ಒಂದು ಗಳಿಗೆ ಇನ್ನೊಂದರೊಳಗೆ ಕರಗಿ ಸೇರುತ್ತದೆ. ತತ್ವಜ್ಞಾನಿಗಳ ಕಾಲ ಅಂತ ಯಾವುದೂ ಇಲ್ಲ ಅಂದರು ಐನ್‌ಸ್ಟೈನ್. ಆ ಕಾಲದಲ್ಲಿ ಬರ್ಗ್‌ಸನ್ ಹೆಸರು ಚಿಕ್ಕದಾಗಿರಲಿಲ್ಲ. ಐನ್‌ಸ್ಟೈನ್‌ಗೆ ನೊಬೆಲ್ ಬಂದದ್ದು ಸಾಪೇಕ್ಷತೆಗೆ ಅಲ್ಲ, ದ್ಯುತಿವಿದ್ಯುತ್ ಪರಿಣಾಮಕ್ಕೆ. ಪ್ರಶಸ್ತಿ ಕೊಡುವಾಗಿನ ಭಾಷಣದಲ್ಲಿ ಬರ್ಗ್‌ಸನ್ನರ ಆಕ್ಷೇಪದ ಪ್ರಸ್ತಾಪವೂ ಬಂತು.

ಗಡಿಯಾರಗಳ ವಿಷಯದಲ್ಲಿ ಐನ್‌ಸ್ಟೈನ್ ಗೆದ್ದರು, ಅನುಮಾನ ಬೇಡ. ಬರ್ಗ್‌ಸನ್ ಅಲ್ಲಿ ಎಡವಿದರು. ಆದರೆ ಒಂದು ರಾಗ ಕೇಳುವುದನ್ನು ಯೋಚಿಸಿ. ಈ ಕ್ಷಣಕ್ಕೆ ಕಿವಿಗೆ ಬೀಳುವುದು ಒಂದೇ ಸ್ವರ. ಹಿಂದಿನ ಸ್ವರ ಹೋಗಿದೆ, ಮುಂದಿನದು ಬಂದಿಲ್ಲ. ಆದರೂ ಕೇಳುವುದು ರಾಗವನ್ನು. ತತ್ವಜ್ಞಾನಿ ಹುಸರ್ಲ್ ಇದನ್ನೇ ಹಿಡಿದು ಕೂತ. "ಈಗ" ಅನ್ನುವುದು ಚುಕ್ಕೆ ಅಲ್ಲ, ಅದಕ್ಕೆ ಸ್ವಲ್ಪ ಅಗಲ ಇದೆ. ಈಗಷ್ಟೇ ಹೋದದ್ದರ ಬಾಲವನ್ನೂ ಬರಲಿರುವುದರ ನಿರೀಕ್ಷೆಯನ್ನೂ ಅದು ಹಿಡಿದಿರುತ್ತದೆ. ಮೇಡಂ, ನಿಮ್ಮ ಆ ನಾಲ್ಕು ಗಂಟೆಯಲ್ಲಿ ಕಾಣೆಯಾದದ್ದು ಈ ಅಗಲ ಅನಿಸುತ್ತದೆ.

ಸುಮ್ನೆ ಓದುಗ

ಮೊದಲ ಸಲ ಬರೆಯುತ್ತಿದ್ದೇನೆ. ದಡ್ಡ ಪ್ರಶ್ನೆ ಇರಬಹುದು. ಎಲ್ಲವೂ ಆ ಗಟ್ಟಿಯಲ್ಲಿ ಇದೆ, ನಿನ್ನೆಗೂ ನಾಳೆಗೂ ಭೇದವಿಲ್ಲ ಅಂದರೆ, ನಿನ್ನೆಯದು ನೆನಪಿರುತ್ತದೆ, ನಾಳೆಯದು ಯಾಕೆ ನೆನಪಿಲ್ಲ?

ಬೋರ್ಡು ಚಾಕ್

ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬಂದಿಲ್ಲ.

ನ್ಯೂಟನ್ ನಿಯಮಗಳನ್ನು ಕಾಲ ಹಿಂದುಮುಂದು ಮಾಡಿ ಬರೆದರೂ ಕೆಲಸ ಮಾಡುತ್ತವೆ. ಎರಡು ಗೋಲಿ ಡಿಕ್ಕಿ ಹೊಡೆಯುವ ವಿಡಿಯೋ ತಿರುಗಿಸಿ ತೋರಿಸಿದರೆ ಗುರುತು ಹಿಡಿಯಲಾರಿರಿ. ಕೆಲವು ಕಣಗಳ ನಡುವಿನ, "ದುರ್ಬಲ ಬಲ" ಅನ್ನುವ ಒಂದು ಬಲದ ವ್ಯವಹಾರದಲ್ಲಿ ಸಣ್ಣ ಭೇದ ಇದೆ, 2012ರಲ್ಲಿ ಅದನ್ನು ನೇರವಾಗಿಯೇ ಅಳೆದರು. ಆದರೆ ಒಡೆದ ಗಾಜು ಯಾಕೆ ಕೂಡಿಕೊಳ್ಳುವುದಿಲ್ಲ ಅನ್ನುವುದಕ್ಕೆ ಅದು ಸಾಲದು.

ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಕೊಟ್ಟ ಉತ್ತರ ಎಣಿಕೆಯದು. 52 ಇಸ್ಪೀಟು ಎಲೆಗಳನ್ನು ಜೋಡಿಸುವ ರೀತಿಗಳು ಎಷ್ಟು? 8ರ ಮುಂದೆ 67 ಸೊನ್ನೆ ಹಾಕಿದಷ್ಟು. ಅದರಲ್ಲಿ ಅಂಗಡಿಯಿಂದ ತಂದಾಗಿನ ಕ್ರಮ ಒಂದೇ ಒಂದು. ಕಲೆಸಿದರೆ ಕ್ರಮ ಕೆಡುತ್ತದೆ. ಕೆಡಲೇಬೇಕು ಅಂತ ನಿಯಮ ಇರುವುದರಿಂದ ಅಲ್ಲ, ಕೆಟ್ಟ ಕ್ರಮಗಳೇ ಲೆಕ್ಕವಿಲ್ಲದಷ್ಟು ಜಾಸ್ತಿ ಇರುವುದರಿಂದ. ಶಾಯಿ ನೀರಿನಲ್ಲಿ ಹರಡುವುದೂ ಇದಕ್ಕೇ. ಈ ಕೆಡುವಿಕೆಯ ಅಳತೆ ಎಂಟ್ರೊಪಿ. ನೆನಪು ಅಂದರೂ ಒಂದು ಗುರುತು ಉಳಿಯುವುದು, ಕೆಸರಿನಲ್ಲಿ ಹೆಜ್ಜೆ ಉಳಿದ ಹಾಗೆ. ಗುರುತು ಮೂಡುವಾಗ ಎಂಟ್ರೊಪಿ ಏರುತ್ತದೆ. ಹಾಗಾಗಿ ಗುರುತುಗಳು ಒಂದೇ ಕಡೆಯದನ್ನು ಹೇಳುತ್ತವೆ.

ಕ್ಲಾಸಿನಲ್ಲಿ ಇಲ್ಲಿಗೇ ನಿಲ್ಲಿಸುತ್ತೇವೆ. ಅದು ಸ್ವಲ್ಪ ಮೋಸ. ಬೋಲ್ಟ್ಸ್‌ಮನ್ನನ ಗೆಳೆಯ ಲೋಶ್ಮಿಟ್ 1876ರಲ್ಲೇ ಹಿಡಿದ: ಇದೇ ಎಣಿಕೆಯನ್ನು ಹಿಂದಕ್ಕೆ ಹಾಕಿದರೆ ನಿನ್ನೆಯೂ ಎಂಟ್ರೊಪಿ ಜಾಸ್ತಿ ಇರಬೇಕಿತ್ತು! ಎಣಿಕೆಗೆ ದಿಕ್ಕು ಗೊತ್ತಿಲ್ಲ. ದಿಕ್ಕು ಬರಬೇಕಾದರೆ ಇನ್ನೊಂದು ಮಾತು ಸೇರಿಸಬೇಕು. 1,380 ಕೋಟಿ ವರ್ಷದ ಹಿಂದೆ ವಿಶ್ವ ಶುರುವಾದಾಗ ಎಂಟ್ರೊಪಿ ತೀರಾ ಕಮ್ಮಿ ಇತ್ತು ಅಂತ. ನಿಮಗೆ ನಾಳೆ ನೆನಪಿಲ್ಲದಿರುವುದರ ಬೇರು ಅಲ್ಲಿದೆ.

ಸುಮ್ನೆ ಓದುಗ

ಆದರೆ ಸರ್, ಆಗ ಎಲ್ಲವೂ ಬಿಸಿ ಅನಿಲ, ಎಲ್ಲ ಕಡೆ ಒಂದೇ ಸಮ ಹರಡಿತ್ತು ಅಂತಾರಲ್ಲ? ಹರಡಿದ ಶಾಯಿ ಜಾಸ್ತಿ ಎಂಟ್ರೊಪಿ ಅಂದಿರಿ. ಅದೂ ಜಾಸ್ತಿ ಇರಬೇಕಿತ್ತು ಅಲ್ವಾ?

ಬೋರ್ಡು ಚಾಕ್

ದಡ್ಡ ಪ್ರಶ್ನೆ ಅಂದಿರಾ ನೀವು!

ಹೌದು, ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಏರುಪೇರು. ಅಷ್ಟು ಸಮ. ಆದರೆ ಗುರುತ್ವ ಲೆಕ್ಕಕ್ಕೆ ಬಂದರೆ ಆಟ ತಿರುಗುತ್ತದೆ. ಶಾಯಿಗೆ ಹರಡುವುದು ಸಹಜ. ಗುರುತ್ವ ಇರುವ ವಸ್ತುವಿಗೆ ಗುಂಪುಗೂಡುವುದು ಸಹಜ. ಮೋಡ ಕುಸಿದು ನಕ್ಷತ್ರ ಆಗುತ್ತದೆ, ಕೊನೆಗೆ ಕೆಲವು ಕಪ್ಪು ಕುಳಿ ಆಗುತ್ತವೆ. ಎಂಟ್ರೊಪಿ ಅಲ್ಲಿ ತುಂಬಾ ಜಾಸ್ತಿ. ಹಾಗಾಗಿ ಸಮವಾಗಿ ಹರಡಿದ್ದೇ ಅಪರೂಪದ ಸ್ಥಿತಿ. ಅಷ್ಟು ಅಪರೂಪದ ಸ್ಥಿತಿಯಲ್ಲಿ ಯಾಕೆ ಶುರುವಾಯಿತು? ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಫಿಸಿಕ್ಸಿನಲ್ಲಿ ಇಲ್ಲ. ಇದಕ್ಕಿಂತ ಕೆಳಗೆ ಅಗೆದರೆ ಇನ್ನೂ ವಿಚಿತ್ರ. 1967ರಲ್ಲಿ ವೀಲರ್ ಮತ್ತು ಡಿವಿಟ್ ಹೆಸರಿನ ಸಮೀಕರಣ ಬಂತು. ಇಡೀ ವಿಶ್ವಕ್ಕೆ ಕ್ವಾಂಟಮ್ ನಿಯಮ, ಅಂದರೆ ಪರಮಾಣು ಲೋಕದ ನಿಯಮ, ಹಾಕಿ ಬರೆದದ್ದು. ಅದರಲ್ಲಿ ಕಾಲ ಅನ್ನುವ ಅಕ್ಷರವೇ ಇಲ್ಲ.

ಹಳೇ ಪುಟ

ಬೌದ್ಧ ತತ್ವಜ್ಞಾನಿ ನಾಗಾರ್ಜುನ ಕೇಳಿದ್ದರೆ ತಲೆದೂಗುತ್ತಿದ್ದ. ಅವನ ಕಾರಿಕೆಗಳ ಹತ್ತೊಂಬತ್ತನೇ ಅಧ್ಯಾಯ ಕಾಲದ ಮೇಲೆ, ಬರೀ ಆರು ಶ್ಲೋಕ. ಇಂದು ನಾಳೆಗಳು ನಿನ್ನೆಯನ್ನು ನೆಚ್ಚಿಕೊಂಡಿದ್ದರೆ ಅವು ನಿನ್ನೆಯಲ್ಲೇ ಇರಬೇಕು. ಅಲ್ಲಿ ಇಲ್ಲ ಅಂದರೆ ನೆಚ್ಚಿಕೊಳ್ಳುವುದು ಹೇಗೆ? ನೆಚ್ಚಿಕೊಂಡಿಲ್ಲ ಅಂದರೆ ಇಂದು, ನಾಳೆ ಅನ್ನುವ ಹೆಸರಿಗೇ ಅರ್ಥವಿಲ್ಲ. ಅದಕ್ಕೆ ಎದುರಾಗಿ ಸರ್ವಾಸ್ತಿವಾದಿ ಬೌದ್ಧರು ಮೂರು ಕಾಲದ್ದೂ ಇದೆ ಅಂದರು. ಚಾಕ್ ಸರ್ ಹೇಳಿದ ಗಟ್ಟಿಯ ದೂರದ ನೆಂಟರು, ಆದರೆ ಹೋಲಿಕೆ ಅಲ್ಲಿಗೇ ನಿಲ್ಲಿಸೋಣ. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು ಅನ್ನುವ ಮೆರವಣಿಗೆ ಬೇಡ.

ನನಗೆ ಜಾಸ್ತಿ ಹಿಡಿಸುವುದು ವ್ಯಾಕರಣದ ತತ್ವಜ್ಞಾನಿ ಭರ್ತೃಹರಿ. ಕಾಲ ಒಂದು ಶಕ್ತಿ, ಅದಕ್ಕೆ ಎರಡು ಕೆಲಸ ಅನ್ನುತ್ತಾನೆ. ಕೆಲವನ್ನು ಆಗಲು ಬಿಡುವುದು, ಕೆಲವನ್ನು ತಡೆದು ನಿಲ್ಲಿಸುವುದು. ಎಲ್ಲವೂ ಒಟ್ಟಿಗೆ ಆಗಿಬಿಡದ ಹಾಗೆ.

ರಾತ್ರಿಪಾಳಿ

ತಡೆದು ನಿಲ್ಲಿಸುವುದು. ಮೂರು ಇಪ್ಪತ್ತೈದಕ್ಕೆ ಆಗುವುದು ಅದೇ.

ಪದಕಟ್ಟು

"ಕಾಲ ಕೂಡಿ ಬರಬೇಕು" ಅನ್ನುವುದೂ ಅಲ್ಲಿಂದಲೇ ಇಳಿದ ಹಾಗಿದೆ. ಗಡಿಯಾರ ಎಂದಾದರೂ ಕೂಡಿ ಬರುತ್ತದಾ?

ಸರ್ವರ್ ಕಾವಲುಗಾರ

ಎಲ್ಲರಿಗೂ ಥ್ಯಾಂಕ್ಸ್. ನನಗೆ ಕೊನೆಗೆ ಉಳಿದದ್ದು ಇಷ್ಟು. ಎಲ್ಲರಿಗೂ ಒಂದೇ ಆದ "ಈಗ" ಹೋಯಿತು. ಮುಂಚೆ, ಆಮೇಲೆ ಉಳಿಯಿತು, ಕಾರಣ ಮುಟ್ಟಬಲ್ಲ ಕಡೆ ಮಾತ್ರ. ದಿಕ್ಕಿಗೆ ವಿಶ್ವದ ಹುಟ್ಟಿನವರೆಗೆ ಹೋಗಬೇಕು. ರಾತ್ರಿಪಾಳಿ ಮೇಡಂ ಕೇಳಿದ್ದಕ್ಕೆ ಮಾತ್ರ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ಆಫೀಸಿನ ಕಥೆ ಮುಗಿಸಿಬಿಡುತ್ತೇನೆ. ಆ ದಿನದ ಲಾಗ್‌ನಲ್ಲಿ ಇನ್ನೂ ಎರಡು ಎಂಟ್ರಿ ಇದ್ದವು, ಒಂದೊಂದು ಸರ್ವರ್‌ನಲ್ಲಿ ಒಂದೊಂದು. ನಡುವೆ ಯಾವ ಮೆಸೇಜೂ ಓಡಾಡಿಲ್ಲ. ಯಾವುದು ಮೊದಲು ಅಂತ ವರದಿಯಲ್ಲಿ ಬರೆಯಬೇಕಿತ್ತು. "ಕ್ರಮ ಇಲ್ಲ" ಅಂತ ಬರೆದಿದ್ದೆ. ನೇರಮಾತು ಅವರ ಮಾತು ಓದಿದ ಮೇಲೆ ಅಳಿಸಿ "ಕ್ರಮ ಗೊತ್ತಿಲ್ಲ" ಅಂತ ಮಾಡಿದೆ. ಮ್ಯಾನೇಜರ್ ವಾಪಸ್ ಕಳಿಸಿದರು. ಸಮಯದ ಕಾಲಂ ಖಾಲಿ ಬಿಡುವ ಹಾಗಿಲ್ಲವಂತೆ.

ನೇರಮಾತು

ಯಾವ ಗಡಿಯಾರದ್ದು ಹಾಕಿದಿರಿ?

ಸರ್ವರ್ ಕಾವಲುಗಾರ

ಒಂದನೇ ಸರ್ವರ್‌ದು. ಬಾಗಿಲಿಗೆ ಅದೇ ಹತ್ತಿರ ಇತ್ತು.